ಕಚೇರಿ ಗೋಡೆಯ ಹಳೆ ಉಬ್ಬುಶಿಲ್ಪದ ಫೋಟೋ ತೆಗೆದಿಡುವ ಬಗೆ

ಕಚೇರಿಯ ಮುಂಬಾಗಿಲ ಮೇಲೋ ಲಿಫ್ಟಿನ ಪಕ್ಕದ ಗೋಡೆಯಲ್ಲೋ 1950-60ರ ದಶಕದ ಉಬ್ಬುಶಿಲ್ಪವಿದ್ದು, ಕಟ್ಟಡ ಕೆಡವುವ ಇಲ್ಲವೇ ಹೊಸದು ಮಾಡುವ ಮಾತು ಶುರುವಾಗಿದ್ದರೆ ಮೊದಲು ಅದರ ಫೋಟೋ ತೆಗೆದಿಡಿ. ಹಳೆ ಕಟ್ಟಡಗಳ ಫೋಟೋ ತೆಗೆಯುವುದೇ ನನ್ನ ಕಸುಬು. ಇದಕ್ಕೆ ದುಬಾರಿ ಕ್ಯಾಮೆರಾಕ್ಕಿಂತ ಬೆಳಕಿಗಾಗಿ ಕಾಯುವ ತಾಳ್ಮೆ ಬೇಕು.

ಬಿಸಿಲು ಎದುರಿನಿಂದ ಬಿದ್ದಾಗ ಉಬ್ಬುತಗ್ಗೆಲ್ಲ ಅಳಿಸಿಹೋಗುತ್ತದೆ. ಅದು ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತಿಗೆ ಹೋಗಿ. ಪೂರ್ವದ ಗೋಡೆಗೆ ಅದು ಬೆಳಗಿನ ಹೊತ್ತಲ್ಲ, ಸುಮಾರಾಗಿ ನಡುಹಗಲಿಗೆ ತುಸು ಮುಂಚೆ. ಪಶ್ಚಿಮದ್ದಕ್ಕೆ ನಡುಹಗಲು ದಾಟಿದ ಮೇಲೆ. ಆಗ ಬೆರಳಗಲದ ಉಬ್ಬಿಗೂ ಉದ್ದ ನೆರಳು ಮೂಡುತ್ತದೆ. ಮೋಡ ಕವಿದ ದಿನ ಇನ್ನೊಮ್ಮೆ ಹೋಗಿ. ಬಣ್ಣ, ಬಿರುಕು, ತುಕ್ಕಿನ ಕಲೆ ಸರಿಯಾಗಿ ಕಾಣುವುದು ಆಗಲೇ. ಲೋಹಕ್ಕಂತೂ ಮೋಡವೇ ವಾಸಿ. ನ್ಯೂಯಾರ್ಕಿನ ಅಸೋಸಿಯೇಟೆಡ್ ಪ್ರೆಸ್ ಕಟ್ಟಡದ ಬಾಗಿಲ ಮೇಲೆ ಶಿಲ್ಪಿ ಇಸಾಮು ನೊಗುಚಿ ಮಾಡಿದ 1940ರ ‘ನ್ಯೂಸ್’ ಸ್ಟೇನ್‌ಲೆಸ್ ಸ್ಟೀಲಿನದು. ಅಂಥದ್ದರ ಮೇಲೆ ಬಿಸಿಲು ಬಿದ್ದರೆ ಫೋಟೋದಲ್ಲಿ ಉಳಿಯುವುದು ಬರೀ ಹೊಳಪು.

ಒಳಗಿನ ಗೋಡೆಯಾದರೆ ಫ್ಲಾಶ್ ಆರಿಸಿ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಿ, ಅದನ್ನು ಕದಲಿಸದೆ, ಟಾರ್ಚನ್ನು ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಗೋಡೆಗೆ ತಾಗುವಂತೆ ಹಿಡಿದು ಒಂದೊಂದು ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಗೀರು ಇನ್ನೊಂದರಲ್ಲಿ ಎದ್ದು ಕಾಣುತ್ತದೆ. ಅಳತೆಪಟ್ಟಿ ಇಟ್ಟು ತೆಗೆದ ಫೋಟೋವೂ ಒಂದಿರಲಿ. ಇಟ್ಟಿಗೆಯದಾದರೆ ಗಾರೆಯ ಗೆರೆಗಳೇ ಅಳತೆಪಟ್ಟಿ: ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನಲ್ಲಿ ಶಿಲ್ಪಿ ಹೆನ್ರಿ ಮೂರ್ 1955ರಲ್ಲಿ ರೂಪಿಸಿದ ಗೋಡೆಯಲ್ಲಿ ಸುಮಾರು 16,000 ಇಟ್ಟಿಗೆಗಳಿವೆ. ಇಟ್ಟಿಗೆಯ ಒಂದು ವರಸೆಯ (ಸಾಲಿನ) ಎತ್ತರ ಅಳೆದು ವರಸೆ ಎಣಿಸಿದರೆ ಸಾಕು, ಏಣಿ ಬೇಡ.

ಯಾವುದರಿಂದ ಮಾಡಿದ್ದು ಎಂಬುದನ್ನೂ ಬರೆದುಕೊಳ್ಳಿ. ಅಚ್ಚಿನ ಹಲಗೆಯ ಗೆರೆ, ಗಾಳಿಗುಳ್ಳೆಯ ಸಣ್ಣ ತೂತು ಕಂಡರೆ ಎರಕದ ಕಾಂಕ್ರೀಟ್. ಕಲ್ಲಿನಂತೆ ಕಂಡರೂ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಫೈಬರ್‌ಗ್ಲಾಸ್ ಇರಬಹುದು. ಕೆಳಮೂಲೆಯಲ್ಲಿ ಸಹಿ ಹುಡುಕಿ. ಇಲ್ಲದಿದ್ದರೆ ಕಟ್ಟಡದ ನಕ್ಷೆ, ಕಲಾವಿದನ ಜತೆಗಿನ ಕರಾರು, ಉದ್ಘಾಟನೆಯ ಕಿರುಹೊತ್ತಿಗೆ ಎಲ್ಲಿವೆ ಎಂದು ಕೇಳಿ. ಕರಾರು ಸಿಕ್ಕರೆ ಅದೃಷ್ಟ. ಶಿಲ್ಪದಲ್ಲಿ ಏನಿರಬೇಕೆಂದು ಕಚೇರಿಯವರು ಕೇಳಿದ್ದರು, ಕಲಾವಿದ ಏನು ಕೊಟ್ಟ ಎಂಬುದು ಅದರಲ್ಲೇ ತಿಳಿಯುತ್ತದೆ.

ಫೋಟೋ ಚೆನ್ನಾಗಿ ಬರಲೆಂದು ತೊಳೆಯಲು ಹೋಗಬೇಡಿ. ಆಸಿಡ್ ಸಿಮೆಂಟನ್ನೇ ತಿನ್ನುತ್ತದೆ. ಮರಳು ಚಿಮ್ಮಿಸುವುದಂತೂ ಕೂಡದು: ನಾರ್ವೆಯ ಓಸ್ಲೋದ ಸರ್ಕಾರಿ ಕಚೇರಿಗಳ ಗೋಡೆಗಳಲ್ಲಿ ಪಿಕಾಸೊನ ರೇಖಾಚಿತ್ರಗಳನ್ನು ಕಲಾವಿದ ಕಾರ್ಲ್ ನೆಸ್ಯಾರ್ ಮೂಡಿಸಿದ್ದೇ ಕಾಂಕ್ರೀಟಿಗೆ ಮರಳು ಚಿಮ್ಮಿಸಿ, ಒಳಗಿನ ಜಲ್ಲಿ ಕಾಣುವಂತೆ ಮಾಡಿ. ಅದೇ ಉಪಾಯದಿಂದ ಸ್ವಚ್ಛ ಮಾಡಹೊರಟರೆ ಚಿತ್ರವೇ ಹೋಗುತ್ತದೆ.

ಹೆಚ್ಚಿನವರು ಮರೆಯುವುದು ಶಿಲ್ಪದ ಅಂಚು ಮತ್ತು ಬೆನ್ನು. ಬೋಲ್ಟು ಹಾಕಿ ತೂಗಿಸಿದ ಹಲಗೆಗಳೋ, ಗೋಡೆಯದೇ ಭಾಗವೋ? ಓಸ್ಲೋದ ಆ ಕಚೇರಿಗಳಲ್ಲೊಂದಾದ ವೈ-ಬ್ಲಾಕ್ 2020ರಲ್ಲಿ ನೆಲಸಮವಾದಾಗ ಅದರ ಗೋಡೆಯ ಮೇಲಿದ್ದ ಪಿಕಾಸೊ-ನೆಸ್ಯಾರ್ ಚಿತ್ರ ‘ಮೀನುಗಾರರು’ ಉಳಿದದ್ದು ಇಡೀ ಗೋಡೆಯನ್ನೇ ಕತ್ತರಿಸಿ ಎತ್ತಿದ್ದರಿಂದ. ತೂಕ ಸುಮಾರು 250 ಟನ್. ಹಾಗಾಗಿ ಹಿಂಬದಿಯ ಕೋಣೆಯ ಕೀಲಿ ಕೇಳಿ, ಅಲ್ಲಿಂದಲೂ ತೆಗೆಯಿರಿ. ಶಿಲ್ಪವನ್ನು ಸ್ಥಳಾಂತರಿಸಬೇಕಾಗಿ ಬಂದರೆ ಎಂಜಿನಿಯರ್ ಮೊದಲು ಕೇಳುವುದು ಆ ಫೋಟೋವನ್ನೇ.