ಐಸ್ ಬಿಟ್ಟ ಮೇಲೆ ಕಂಡ ಸಿಎಕ್ಸ್‌ಸಿಆರ್3

ಡೆಂಗಿ ರೋಗಿಗಳ ಸಿಡಿ8 ಟಿ ಕೋಶಗಳಲ್ಲಿ (ಸೋಂಕಿತ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು) ಸಿಎಕ್ಸ್‌ಸಿಆರ್3 ಹಿಡಿಯಲು ನನಗೆ ಎರಡು ಮಳೆಗಾಲ ಬೇಕಾದವು. ಅದು ಸೋಂಕಿನ ಜಾಗಕ್ಕೆ ಕೋಶಗಳನ್ನು ಎಳೆದೊಯ್ಯುವ, ಕೋಶದ ಮೇಲ್ಮೈಯ ರಿಸೆಪ್ಟರ್, ಇರಲೇಬೇಕು. ಆದರೆ ಬಣ್ಣದ ಆ್ಯಂಟಿಬಾಡಿ ಅಂಟಿದ ಕೋಶಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೋಮೀಟರ್ ತೋರಿಸಿದ್ದು ನೆಗೆಟಿವ್ ಗುಡ್ಡಕ್ಕೆ ಅಂಟಿಕೊಂಡ ಸಣ್ಣದೊಂದು ಉಬ್ಬು. “ನಿಮ್ಮ ಆ್ಯಂಟಿಬಾಡಿ ಸತ್ತಿದೆ” ಎಂದರು ಲ್ಯಾಬಿನ ಹಿರಿಯರು. ನಂಬಿ ಹೊಸ ವಯಲ್ ತರಿಸಿದೆ. ಮೂವತ್ತೈದು ಸಾವಿರದ ಆಸುಪಾಸು, ಆರೇಳು ವಾರ ಕಾಯಬೇಕಾಯಿತು. ಅದೇ ಉಬ್ಬು. ಬೇರೆ ಕ್ಲೋನ್ (ಅದೇ ರಿಸೆಪ್ಟರ್ ಹಿಡಿಯುವ ಇನ್ನೊಂದು ಆ್ಯಂಟಿಬಾಡಿ) ತರಿಸಿದರೆ ಪೆಟ್ಟಿಗೆಯೊಳಗಿನ ಜೆಲ್ ಪ್ಯಾಕ್ ಕರಗಿ ನೀರಾಗಿತ್ತು. ಆ ವರ್ಷದ ಅನುದಾನದಲ್ಲಿ ಬೇರೇನೂ ಕೊಳ್ಳಲಾಗಲಿಲ್ಲ.

ತಪ್ಪು ಇದ್ದದ್ದು ಐಸ್‌ನಲ್ಲಿ. ಎಲ್ಲರಂತೆ ನಾನೂ ಐಸ್ ಮೇಲೆ, 4 ಡಿಗ್ರಿಯಲ್ಲಿ ಸ್ಟೇನ್ (ಕೋಶಗಳಿಗೆ ಬಣ್ಣದ ಆ್ಯಂಟಿಬಾಡಿ ಅಂಟಿಸುವುದು) ಮಾಡುತ್ತಿದ್ದೆ. ಸಿಎಕ್ಸ್‌ಸಿಆರ್3 ಆ್ಯಂಟಿಬಾಡಿಯೊಂದನ್ನೇ ಮೊದಲು ಹಾಕಿ 37 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಡುತ್ತೇನೆ ಎಂದಾಗ, “ರಿಸೆಪ್ಟರ್ ಒಳಗೆ ಹೋಗಿಬಿಡುತ್ತದೆ” ಎಂದು ನಕ್ಕರು. ಹೋಗಲಿ, ಆ್ಯಂಟಿಬಾಡಿಯನ್ನು ಹೊತ್ತುಕೊಂಡೇ ಹೋಗುತ್ತದೆ, ಬಣ್ಣ ಎಲ್ಲಿಗೆ ಹೋದೀತು? (ಹಾಗಾಗಿ ಸಿಗುವ ಅಂಕಿಯನ್ನು ಬರೀ ಮೇಲ್ಮೈಯದು ಎಂದು ನಾನು ಬರೆಯುವುದಿಲ್ಲ.) ಪಾಸಿಟಿವ್ ಕೋಶಗಳು ನೂರಕ್ಕೆ ಹತ್ತು ಹನ್ನೆರಡು ಇದ್ದದ್ದು ಐವತ್ತರ ಹತ್ತಿರ ಬಂತು. ಉಳಿದ ಆ್ಯಂಟಿಬಾಡಿಗಳನ್ನು ಆಮೇಲೆ ಕೋಣೆಯ ಉಷ್ಣತೆಯಲ್ಲಿ ಹಾಕುತ್ತೇನೆ, ಫಿಕ್ಸ್ ಮಾಡುವುದು (ರಾಸಾಯನಿಕದಿಂದ ಕೋಶಗಳನ್ನು ಇದ್ದಂತೆಯೇ ಹಿಡಿದಿಡುವುದು) ಎಲ್ಲಕ್ಕಿಂತ ಕೊನೆಗೆ. ಎಫ್‌ಎಂಒ ಟ್ಯೂಬನ್ನೂ (ಈ ಒಂದು ಆ್ಯಂಟಿಬಾಡಿ ಬಿಟ್ಟು ಉಳಿದೆಲ್ಲ ಹಾಕಿದ, ಪಾಸಿಟಿವ್ ಗೆರೆ ಎಳೆಯಲು ಬಳಸುವ ಹೋಲಿಕೆಯ ಟ್ಯೂಬ್) ಬಿಸಿಯಲ್ಲೇ ಇಡಿ. ಅದನ್ನು ಮರೆತು ಒಂದು ವಾರ ಸುಳ್ಳು ಪಾಸಿಟಿವ್ ಎಣಿಸಿ ಖುಷಿಪಟ್ಟಿದ್ದೇನೆ. ಸಿಸಿಆರ್7 ಎಂಬ ಇನ್ನೊಂದು ರಿಸೆಪ್ಟರ್‌ಗೂ ಇದೇ ದಾರಿ.

ನಡುವೆ ಒಂದು ಹುಚ್ಚು ಪ್ರಯೋಗ. ನನ್ನದೇ ರಕ್ತದ ಕೋಶಗಳಿಗೆ, ಈ ರಿಸೆಪ್ಟರ್‌ಗೆ ಅಂಟುವ ಸಂಕೇತ ಪ್ರೋಟೀನ್ ಸಿಎಕ್ಸ್‌ಸಿಎಲ್10 ಸುರಿದೆ. ಅರ್ಧ ಗಂಟೆಯಲ್ಲಿ ಸಿಗ್ನಲ್ ಅರ್ಧಕ್ಕಿಂತ ಕೆಳಗಿಳಿಯಿತು. ತೊಳೆದೆ, ಕಾದೆ, ಬೇಗ ಮರಳಲಿಲ್ಲ. ಸಿಸಿಆರ್5 ಎಂಬ ಮತ್ತೊಂದು ರಿಸೆಪ್ಟರ್ ಒಳಗೆ ಹೋದರೂ ತಿರುಗಿ ಮೇಲೆ ಬರುತ್ತದೆ. ಸಿಎಕ್ಸ್‌ಸಿಆರ್3 ಹಾಗಲ್ಲ, ಒಳಹೋದದ್ದು ಬಹುಪಾಲು ನಾಶವಾಗುತ್ತದೆ, ಕೋಶ ಹೊಸದನ್ನೇ ಕಟ್ಟಬೇಕು. ಡೆಂಗಿ ಜ್ವರದಲ್ಲಿ ಪ್ಲಾಸ್ಮಾದ ತುಂಬ ಸಿಎಕ್ಸ್‌ಸಿಎಲ್10 ಇರುತ್ತದಲ್ಲ, ಮೊದಲ ದಿನಗಳ ಮಂಕು ಸಿಗ್ನಲ್‌ಗೆ ಐಸ್ ಒಂದನ್ನೇ ದೂರಿದ್ದು ನನ್ನ ಅವಸರ. ಈಗ ಪ್ಲಾಸ್ಮಾ ತೊಳೆದು ಕೋಶಗಳಿಗೆ ವಿಶ್ರಾಂತಿ ಕೊಟ್ಟೇ ಸ್ಟೇನ್ ಮಾಡುತ್ತೇನೆ. ಎಷ್ಟು ಹೊತ್ತು, ಯಾವುದರಲ್ಲಿ ಎಂಬುದು ಸದ್ಯಕ್ಕೆ ನನ್ನ ನೋಟ್‌ಬುಕ್ಕಿನಲ್ಲೇ ಇರಲಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಇಡಿಟಿಎ ಟ್ಯೂಬುಗಳ ನಡುವೆ ನನ್ನ ಕೈಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ವಾರ್ಡಿನ ಫ್ರಿಜ್‌ನಲ್ಲಿ ರಾತ್ರಿ ಕಳೆದ ರಕ್ತ ಮಾತ್ರ ಯಾವುದಕ್ಕೂ ಬರುವುದಿಲ್ಲ.

ಸತ್ತಿದೆ ಎಂದಿದ್ದ ಮೊದಲ ವಯಲನ್ನು ಎಸೆದಿರಲಿಲ್ಲ. ಅವಧಿ ಮುಗಿದು ಎಂಟು ತಿಂಗಳಾಗಿತ್ತು. ತಳದಲ್ಲಿ ಉಳಿದಿದ್ದ ಹನಿಯನ್ನು 37 ಡಿಗ್ರಿಯಲ್ಲಿ ಹಾಕಿದೆ. ಬೇರೆಯೇ ಗುಡ್ಡ ಎದ್ದು ನಿಂತಿತು. ಪ್ಲಾಟ್ ಮುದ್ರಿಸಿ ಹಿರಿಯರ ಮೇಜಿನ ಮೇಲಿಟ್ಟು ಬಂದೆ.