ಟೆಲಿಹ್ಯಾಂಡ್ಲರ್ ಬೂಮ್ ಚಾಚುವ ಮೊದಲು ಲೋಡ್ ಚಾರ್ಟ್ ನೋಡಿ
ಇಟ್ಟಿಗೆ, ಸಿಮೆಂಟ್ ಮೂಟೆ ಹೊತ್ತು ಏಣಿ ಹತ್ತುವ ಅಪಾಯ ಟೆಲಿಹ್ಯಾಂಡ್ಲರ್ (ಮುಂದಕ್ಕೆ ಚಾಚುವ ಉದ್ದ ತೋಳು, ಅಂದರೆ ಬೂಮ್, ಇರುವ ಭಾರ ಎತ್ತುವ ಗಾಡಿ) ಇದ್ದರೆ ಎಷ್ಟೋ ತಪ್ಪುತ್ತದೆ. ಆದರೆ ಗಾಡಿ 4 ಟನ್ ಎತ್ತುತ್ತದೆ ಅಂದರೆ ಬೂಮ್ ಒಳಗಿರುವಾಗ ಮಾತ್ರ. ಅದು ಮುಂದಕ್ಕೆ ಚಾಚಿದಷ್ಟೂ ಎತ್ತುವ ತಾಕತ್ತು ಇಳಿಯುತ್ತದೆ. ಪೂರ್ತಿ ಚಾಚಿದಾಗ 1 ಟನ್ ಕೂಡ ಜಾಸ್ತಿಯಾಗಬಹುದು! ಹಾಗಾಗಿ ಕ್ಯಾಬಿನ್‌ನಲ್ಲಿರುವ ಲೋಡ್ ಚಾರ್ಟ್ (ಬೂಮ್ ಎಷ್ಟು ಚಾಚಿದರೆ ಎಷ್ಟು ಭಾರ ಎತ್ತಬಹುದು ಎಂಬ ಪಟ್ಟಿ) ನೋಡದೆ ಎತ್ತಲೇಬೇಡಿ. ಸುಮ್ನೆ ಅಂದಾಜಿನ ಮೇಲೆ ಹೋಗುವ ಕೆಲಸವಲ್ಲ ಇದು.

ಓವರ್‌ಲೋಡ್ ಅಲಾರಂ ಕೂಗಿದರೆ ಗಾಬರಿಯಿಂದ ಬೂಮ್ ಇಳಿಸಬೇಡಿ. ಇಳಿಸಿದಂತೆ ಭಾರ ಇನ್ನೂ ಮುಂದಕ್ಕೆ ಹೋಗಿ ಗಾಡಿ ಮಗುಚಬಹುದು. ಮೊದಲು ಬೂಮ್ ಒಳಗೆಳೆಯಿರಿ, ಆಮೇಲೆ ಇಳಿಸಿ.

ಲೋಡ್ ಹೊತ್ತು ಓಡಿಸುವಾಗ ಬೂಮ್ ಕೆಳಗಿರಲಿ, ಸೀಟ್ ಬೆಲ್ಟ್ ಹಾಕಿರಲಿ. ಮೇಲೆ ಕರೆಂಟ್ ತಂತಿ ಇದೆಯಾ ನೋಡಿ. ಬರೀ ಫೋರ್ಕ್ (ಬೂಮ್ ತುದಿಯಲ್ಲಿ ಭಾರ ಹೊರುವ ಕವಲು) ಮೇಲೆ ಯಾರನ್ನೂ ನಿಲ್ಲಿಸಿ ಎತ್ತಬೇಡಿ, ಎರಡೇ ನಿಮಿಷದ ಕೆಲಸವಾದರೂ.