ಎಸ್‌ಎಸ್‌ಎಲ್‌ಸಿ ನಂತರದ ದಾರಿ: ಕೊಡಗಿನ ಮುಸ್ಲಿಂ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಬಗೆ

ವಿರಾಜಪೇಟೆ, ನಾಪೋಕ್ಲು, ಕುಶಾಲನಗರದ ಪ್ರೌಢಶಾಲೆಗಳಲ್ಲಿ ಓದುವ ಮುಸ್ಲಿಂ ಮಕ್ಕಳ ಮುಂದೆ ಪಿಯುಸಿ, ಐಟಿಐ, ಪಾಲಿಟೆಕ್ನಿಕ್‌ಗಳ ಪಟ್ಟಿಯನ್ನು ಇಡುವ ಮೊದಲು, ದುಡಿಮೆಯ ಬಗ್ಗೆ ಮನೆಯಲ್ಲಿ, ಮದರಸದಲ್ಲಿ ಏನು ಕಲಿತಿದ್ದಾರೆಂದು ಕೇಳಿ. ಹಲಾಲ್ ಸಂಪಾದನೆ (ಧರ್ಮಸಮ್ಮತ ಗಳಿಕೆ), ಅಮಾನತ್ (ನಂಬಿ ಒಪ್ಪಿಸಿದ ಹೊಣೆ) ಎಂಬ ಮಾತುಗಳು ಅವರಿಗೆ ಹೊಸವಲ್ಲ. ಅವುಗಳಿಗೂ ಕೋರ್ಸಿನ ಆಯ್ಕೆಗೂ ಇರುವ ನಂಟನ್ನು ತೋರಿಸುವುದೇ ಶಿಕ್ಷಕರ ಕೆಲಸ.

ಇದಕ್ಕೆ ಕುರ್‌ಆನಿನ 28ನೇ ಅಧ್ಯಾಯದ 26ನೇ ವಚನ ಒಳ್ಳೆಯ ಆಧಾರ. ಪ್ರವಾದಿ ಮೂಸಾರನ್ನು ಕೆಲಸಕ್ಕಿಟ್ಟುಕೊಳ್ಳುವಂತೆ ತಂದೆಗೆ ಹೇಳುವ ಹೆಣ್ಣುಮಗಳು, ಶಕ್ತನೂ ನಂಬಿಗಸ್ತನೂ ಆದವನೇ ಉತ್ತಮ ಕೆಲಸಗಾರ ಎನ್ನುತ್ತಾಳೆ. ತನಗೆ ಯಾವ ಕೆಲಸದಲ್ಲಿ ಶಕ್ತಿಯಿದೆ, ಯಾವ ಹೊಣೆಯನ್ನು ಜನ ತನಗೆ ನಂಬಿ ಒಪ್ಪಿಸುತ್ತಾರೆ ಎಂಬುದನ್ನು ವಿದ್ಯಾರ್ಥಿಯೇ ಬರೆಯಲಿ. ಅಂಕಪಟ್ಟಿ ಹೇಳದ ಸಂಗತಿಗಳು ಇಲ್ಲಿ ಹೊರಬರುತ್ತವೆ. ಕಾಫಿ ಕುಯ್ಲಿನ ದಿನಗಳಲ್ಲಿ ತಂದೆಯ ಲೆಕ್ಕವನ್ನು ತಪ್ಪಿಲ್ಲದೆ ಬರೆದಿಡುವ ಹುಡುಗಿಗೆ ವಾಣಿಜ್ಯ ವಿಭಾಗ ಒಗ್ಗಬಹುದು. ಪ್ರವಾದಿಯವರ ಪತ್ನಿ ಖದೀಜಾ ವ್ಯಾಪಾರಿಯಾಗಿದ್ದರೆಂಬುದನ್ನು ಅವಳಿಗೆ ನೆನಪಿಸಿ. ಗಿಡಮರಗಳಲ್ಲಿ ಮನಸ್ಸಿರುವ ಹುಡುಗನಿಗೆ ವಿಜ್ಞಾನ ಪಿಯುಸಿ ಮತ್ತು ಸಿಇಟಿ ಮೂಲಕ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವಿದೆ. ಗಲ್ಫಿಗೆ ಹೋಗುವೆನೆನ್ನುವವನನ್ನು ತಡೆಯಬೇಕಿಲ್ಲ, ಆದರೆ ಐಟಿಐ ಪ್ರಮಾಣಪತ್ರವಿಲ್ಲದೆ ಹೊರಡಬಾರದೆಂದು ಒತ್ತಿ ಹೇಳಿ.

ಬ್ಯಾಂಕ್, ವಿಮೆಯ ಉದ್ಯೋಗ ಇಸ್ಲಾಂ ನಿಷೇಧಿಸುವ ಬಡ್ಡಿಯ ಕಾರಣದಿಂದ ಸಲ್ಲದೇ ಎಂಬ ಪ್ರಶ್ನೆ ಬಂದರೆ ತೀರ್ಪು ಕೊಡಬೇಡಿ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವ ವಿಷಯವದು. ಕುಟುಂಬ ನಂಬುವ ಉಸ್ತಾದರನ್ನು, ಅಂದರೆ ಧಾರ್ಮಿಕ ಗುರುಗಳನ್ನು, ಕೇಳಲಿ. ವಾಣಿಜ್ಯ ಓದಿದವರಿಗೆ ಲೆಕ್ಕಪರಿಶೋಧನೆ, ತೆರಿಗೆ, ಸ್ವಂತ ವ್ಯಾಪಾರದ ದಾರಿಗಳೂ ಇವೆಯೆಂದು ತಿಳಿಸಿದರೆ ಸಾಕು. ಶಿಕ್ಷಣ ಸಾಲದ ಬಡ್ಡಿಗೆ ಅಂಜುವ ಮನೆಯವರಿಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಲ್ಲಿ ವಿದ್ಯಾರ್ಥಿವೇತನ ವಿಚಾರಿಸಲು ಹೇಳಿ.

ಮುಂದಿನ ಹೆಜ್ಜೆ ಮಶ್ವರಾ, ಅಂದರೆ ಸಮಾಲೋಚನೆ. ತಂದೆತಾಯಿ ಇಬ್ಬರನ್ನೂ ಕರೆಸಿ. ತಾಯಿಯ ಮಾತನ್ನೂ ಕೇಳಿ. ಮಗಳನ್ನು ಮೈಸೂರಿಗೋ ಮಂಗಳೂರಿಗೋ ಕಳುಹಿಸಲು ಹಿಂಜರಿಯುವವರ ಆತಂಕ ಹಾಸ್ಟೆಲ್, ಉಡುಪು, ನಮಾಜಿನ ಅನುಕೂಲ, ಪ್ರಯಾಣದ ಬಗ್ಗೆಯೇ ಇರಬಹುದು. ಇವುಗಳಿಗೆ ಕಾಲೇಜಿನಿಂದ ಉತ್ತರ ಪಡೆದು ತಿಳಿಸಿದ ಮೇಲೆಯೇ ಅವರ ನಿರ್ಧಾರ ಕೇಳಿ.

ವಿದ್ಯಾರ್ಥಿ ಇಸ್ತಿಖಾರಾ ನಮಾಜಿನ ಮಾತೆತ್ತಿದರೆ ಗೌರವಿಸಿ. ಅದು ಆಯ್ಕೆಯೊಂದರ ಮುಂದೆ ದೇವರ ಮಾರ್ಗದರ್ಶನ ಕೋರಿ ಮಾಡುವ ಎರಡು ರಕಾತ್ (ನಮಾಜಿನ ಒಂದು ಸುತ್ತು) ನಮಾಜು ಮತ್ತು ದುಆ (ಪ್ರಾರ್ಥನೆ). ಕನಸಿನ ಸೂಚನೆಗಾಗಿ ಕಾದು ಕೂರಬೇಕಿಲ್ಲ. ಅರ್ಜಿಯ ಕೊನೆಯ ದಿನಕ್ಕೆ ಒಂದು ವಾರ ಮುಂಚೆ ಅವರನ್ನು ಮತ್ತೆ ಕರೆಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಕೈಸೇರಿವೆಯೇ ಎಂದು ಖಚಿತಪಡಿಸಿಕೊಳ್ಳಿ.